ರಸಮಟ್ಟ

ಓಮ್ನಿಯ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಗೆ.
ಎಣ್ಣೆ ನೋಡಬೇಕೆಂದರೆ ಮೊದಲು ನಾನು ಏಳಬೇಕು,
ಬನ್ನಿನ ಟ್ರೇ ಇಳಿಸಬೇಕು, ಸೀಟು ಮಗುಚಬೇಕು,
ರಸ್ಕಿನ ಪುಡಿ ಒರೆಸಬೇಕು.
ಆಮೇಲೆ ಸಿಗುತ್ತದೆ ಆ ಕಡ್ಡಿ:
ಹಳದಿ ಕುಣಿಕೆ, ತುದಿಯಲ್ಲಿ ಎರಡು ಗೆರೆ.
ಮೇಲಿನದು ಸಾಕು ಅನ್ನುತ್ತದೆ, ಕೆಳಗಿನದು ಬೇಕು.

ಮಡಿಕೇರಿ ಬಂಕಿನ ಹುಡುಗ ಕಡ್ಡಿ ಎಳೆದು
ಬೆಳಕಿಗೆ ಹಿಡಿದು ಲೊಚಗುಟ್ಟಿದ:
"ಒಣಗಿದೆ ಅಕ್ಕಾ. ಒಂದು ಲೀಟರ್ ಹಾಕ್ಲಾ?"
ಅವನ ಹಿಂದೆ ಡಬ್ಬಿಗಳು ಸಾಲಾಗಿ ನಿಂತಿದ್ದವು.
ಹಾಕಿಸಿದೆ.

ಸುಂಟಿಕೊಪ್ಪಕ್ಕೆ ಬಂದರೆ, ಪಕ್ಕದ ಮನೆಯ ಪೆಮ್ಮಯ್ಯ,
ಫೌಜಿನಲ್ಲಿ ಹದಿನೇಳು ವರ್ಷ
ಲಾರಿಗಳ ಹೊಟ್ಟೆ ಕೆಳಗೆ ಮಲಗಿದವರು,
ಅದೇ ಕಡ್ಡಿ ನೋಡಿ ಮೀಸೆ ಕುಣಿಸಿದರು:
"ಯಾರಮ್ಮ ಇಷ್ಟು ಸುರಿದವನು? ಸೀಲ್ ಹಾರಿಹೋಗ್ತದೆ.
ಅರ್ಧ ತೆಗೆಸು."
ಸಂಜೆ ಅರ್ಧ ತೆಗೆಸಿದೆ.

ಕುಶಾಲನಗರದ ಸರ್ವಿಸ್ ಸೆಂಟರಿನಲ್ಲಿ ಟೈ ಕಟ್ಟಿದವನು
ಸೀಟು ಎತ್ತಲೇ ಇಲ್ಲ. ಪರದೆ ನೋಡಿದ.
"ಕಿಲೋಮೀಟರ್ ದಾಟಿದೆ ಮೇಡಂ. ಎಣ್ಣೆ, ಫಿಲ್ಟರ್, ಫ್ಲಶ್,
ಜೊತೆಗೆ ಒಂದು ಒಳ್ಳೆ ಟಾನಿಕ್ಕು..."
ಬೆಲೆ ಹೇಳುವಾಗ ಮಾತ್ರ ದನಿ ಇಳಿಸಿದ.

ಯಾರನ್ನು ನಂಬಲಿ?
ಬೆಳಗಿನ ಐದಕ್ಕೆ ಆನೆಕಾಡು ದಾಟುವವಳು ನಾನು.
ಅಲ್ಲಿ ಎಂಜಿನ್ ಕಚ್ಚಿಕೊಂಡರೆ
ಹಿಂದೆ ಇನ್ನೂರು ಬಿಸಿ ಬ್ರೆಡ್ಡು,
ಮುಂದೆ ಅದರ ವಾಸನೆ ಹಿಡಿದು ಬಂದವರು.
ಅವರಿಗೆ ಎಣ್ಣೆಯ ಲೆಕ್ಕ ಹೇಳಿ ಪ್ರಯೋಜನವಿಲ್ಲ.

ಕೊನೆಗೆ ಮಾದಾಪುರ ರಸ್ತೆಯ ಆಲಿಕುಟ್ಟಿಯ ಶೆಡ್ಡು.
ಬೋರ್ಡಿಲ್ಲ, ಟೈರೊಂದು ನೇತಾಡುತ್ತದೆ ಅಷ್ಟೆ.
ಮೂವರ ಮಾತನ್ನೂ ಒಪ್ಪಿಸಿದೆ, ಠಾಣೆಯಲ್ಲಿ ಹೇಳುವ ಹಾಗೆ.
ಬೀಡಿ ಆರಿಸಿದ. ಕೇಳಿದ್ದು ಒಂದೇ:
"ನೋಡುವಾಗ ಗಾಡಿ ಎಲ್ಲಿ ನಿಂತಿತ್ತು?"

ಬಂಕು ಇಳಿಜಾರು. ಪೆಮ್ಮಯ್ಯನವರ ಅಂಗಳ ಏರು.
ನನ್ನ ಬೇಕರಿಯ ಹಿತ್ತಿಲು ಬಲಕ್ಕೆ ವಾಲಿದೆ.
ಲೋಟದ ಅಂಚಿಗೂ ಒಳಗಿನ ಕಾಫಿಗೂ ಜಗಳವಿಲ್ಲದ ಜಾಗ
ಈ ಕೊಡಗಿನಲ್ಲಿ ಎಲ್ಲಿದೆ, ಹಾಕಿ ಮೈದಾನ ಬಿಟ್ಟರೆ?
ಕಾಫಿ ಒಣಗಿಸುವ ಕಣಕ್ಕೂ
ಮಳೆನೀರು ಹರಿಯಲೆಂದು ಒಂದು ಬೆರಳಿನ ಓರೆ.

ಆಲಿಕುಟ್ಟಿ ಒಳಗಿಂದ ತಂದದ್ದು ಗಾರೆಯವರ ರಸಮಟ್ಟ.
ಭಾವನದಂತೆ, ಸಾಲದ ಬಾಬ್ತು ಬಂದದ್ದು.
ಗಾಡಿಯ ಹೊಸ್ತಿಲ ಮೇಲಿಟ್ಟ. ಹಸಿರು ನೀರಿನ ಗುಳ್ಳೆ
ಓಡಿತು ಮೂಲೆಗೆ, ಬೈಸಿಕೊಂಡ ಮಗುವಿನ ಹಾಗೆ.
ಹಿಂದಿನ ಚಕ್ರಕ್ಕೆ ಒಂದು ಹಲಗೆ. ಇನ್ನೊಂದು. ಮೇಲೊಂದು ಹೆಂಚು.
ಗುಳ್ಳೆ ನಡುವೆ ಬಂದು ಕೂತಿತು.
"ಈಗ ಹತ್ತು ನಿಮಿಷ. ಎಣ್ಣೆ ಕೆಳಗೆ ಇಳಿಯಲಿ."
ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.
ನನ್ನ ಗಾಡಿಗಾಗಿ ಒಬ್ಬರು ಸುಮ್ಮನೆ ಕೂತದ್ದು
ಅದೇ ಮೊದಲು.

ಎಳೆದ. ಒರೆಸಿದ. ಅದ್ದಿದ. ಎಳೆದ.
ಹುಬ್ಬು ಗಂಟಾಯಿತು.
ಗೂಡಿನಿಂದ ಬೇರೊಂದು ಓಮ್ನಿಯ ಕಡ್ಡಿ ತೆಗೆದು ಪಕ್ಕ ಹಿಡಿದ:
ನನ್ನದು ಒಂದು ಉಗುರು ಉದ್ದ.
"ಫಿಲೋಮಿನಕ್ಕ, ಇದು ನಿಮ್ಮ ಗಾಡಿಯ ಕಡ್ಡಿಯೇ ಅಲ್ಲ."

ಹಳೆ ಗಾಡಿ ಕೊಂಡು ನಾಲ್ಕು ವರ್ಷ.
ಅಷ್ಟೂ ದಿನ ಯಾವುದೋ ಹೊಟ್ಟೆಯ ಅಳತೆಯಲ್ಲಿ
ಇದಕ್ಕೆ ಬಡಿಸಿದ್ದೆ.

ಎಲ್ಲ ಬಸಿದ. ಫಿಲ್ಟರ್ ಬದಲಿಸಿದ.
ಜಿಡ್ಡು ಹಿಡಿದ ಪುಸ್ತಕದಲ್ಲಿ ಲೀಟರಿನ ಲೆಕ್ಕ ನೋಡಿ
ನನಗೂ ತೋರಿಸಿದ, ಬೆರಳಿಟ್ಟು.
ಮಗ್ಗಿನ ಮುಂದೆ ಮಂಡಿಯೂರಿ ಅಳೆದು ಹಾಕಿದ.
ಚಾಲೂ ಮಾಡಿ, ಆರಿಸಿ, ಮತ್ತೆ ಹತ್ತು ನಿಮಿಷ.
ಎಣ್ಣೆ ಮುಟ್ಟಿದ ಕಡೆ ಅರದಿಂದ ಒಂದು ಗೀರು:
"ಆ ಎರಡನ್ನೂ ಮರೆತುಬಿಡಿ. ಇದು ನಿಮ್ಮದು."

ಕೇಳಿದಷ್ಟು ಕೊಟ್ಟೆ. ಬನ್ನು ಕೊಟ್ಟರೆ ತಗೊಳ್ಳಲಿಲ್ಲ,
ಸಕ್ಕರೆ ಕಾಯಿಲೆಯಂತೆ.

ಪೆಮ್ಮಯ್ಯನವರು ಈಗಲೂ ಭಾನುವಾರ ಕಡ್ಡಿ ಎಳೆದು
"ಜಾಸ್ತಿ ಇದೆಯಮ್ಮ" ಅನ್ನುತ್ತಾರೆ.
ಗೀರಿನ ಮೇಲೆ ಹೆಬ್ಬೆರಳು ಆಡಿಸಿಕೊಂಡು
ನಾನು ಹೂಂ ಅನ್ನುತ್ತೇನೆ.
ಅವರ ಅಂಗಳ ಏರು.