ಕಣ

ಅಮ್ಮತ್ತಿ ಕಡೆಯ ತೋಟ. ಜನವರಿ. ಸಂಜೆ ಐದೂವರೆಗೆ
ಸಿಮೆಂಟು ಕಣದ ತುಂಬ ಹರವಿದ ರೋಬಸ್ಟಾ ಚೆರಿಯನ್ನು
ನಾನೂ ಚುಬ್ರಣ್ಣನೂ ಗೋರುಹಲಗೆಯಲ್ಲಿ
ನಾಲ್ಕೂ ಅಂಚಿನಿಂದ ನಡುವಿಗೆ ಎಳೆಯುತ್ತೇವೆ.
ಹತ್ತಿರದ್ದು ಮೊದಲು ರಾಶಿ ಸೇರುತ್ತದೆ,
ದೂರದ್ದು ಕತ್ತಲಾದ ಮೇಲೆ.
ಮಂಜು ಇಳಿಯುವ ಮುಂಚೆ ಟಾರ್ಪಾಲು.

ಕಾವಲಿಗೆ ಅವನು, ಎರಡು ಪಟಾಕಿ, ಒಂದು ಟಾರ್ಚು.
ನನಗೆ ಖಾಲಿಯಾದ ಕಣ, ಒಲೆಯ ಇದ್ದಿಲು.
ನಾಡಿದ್ದು ವಿರಾಜಪೇಟೆಯಲ್ಲಿ ಪರೀಕ್ಷೆ.

ಒಂದು ಧೂಳಿನ ಮೋಡ. ಒಳಗಿಂದ ತಳ್ಳುವುದು ಏನೂ ಇಲ್ಲ
ಎಂದಿಟ್ಟುಕೊಳ್ಳಿ, ಅನ್ನುತ್ತದೆ ಪ್ರಶ್ನೆ.
ತನ್ನ ಭಾರಕ್ಕೆ ತಾನೇ ಕುಸಿಯಲು ಎಷ್ಟು ಹೊತ್ತು?

ಅನುಕಲನ ಮೂರನೇ ಸಾಲಿಗೇ ಕೈಕೊಟ್ಟಿತು.
ಅಂಗಾಲಲ್ಲಿ ಒರೆಸಿದೆ.
ಆಮೇಲೆ ಹೊಳೆಯಿತು ಅಡ್ಡದಾರಿ: ಬೀಳುವುದೂ ಸುತ್ತುವುದೇ.
ದೀರ್ಘವೃತ್ತವನ್ನು ಹಿಂಡಿ ಹಿಂಡಿ
ಗೆರೆಯಷ್ಟು ತೆಳ್ಳಗೆ ಮಾಡಿದರೆ
ಅದರ ಅರ್ಧ ಸುತ್ತೇ ಈ ಬೀಳು.
ಅಕ್ಷದಲ್ಲಿ ಅರೆ ತೆಗೆದುಕೊಂಡೆ, ಆರ್‌ನ ಅರ್ಧ;
ಘನ ಮಾಡಿದಾಗ ಕೆಳಗೊಂದು ಎಂಟು ಬಂದು ಕೂತಿತು.
ಮೋಡದ ತೂಕವನ್ನು ಸಾಂದ್ರತೆಯಲ್ಲಿ ಬರೆದರೆ
ಅಲ್ಲೂ ಆರ್‌ನ ಘನ. ಮೇಲಿನದೂ ಕೆಳಗಿನದೂ ಹೊಡೆದುಹೋಗಿ
ಉಳಿದದ್ದು ಮೂರು ಪೈ, ಅಡಿಯಲ್ಲಿ 32 ಜಿ ರೋ,
ಎರಡಕ್ಕೂ ಸೇರಿ ಒಂದು ವರ್ಗಮೂಲದ ಮಾಡು.

ತ್ರಿಜ್ಯವೇ ಇಲ್ಲ.

ಇದ್ದಿಲು ಹಿಡಿದು ಸುಮ್ಮನೆ ಕೂತೆ.
ಬೇಲಿಯಾಚೆ ಎಲ್ಲೋ ಬಿದಿರು ಲಟಕ್ಕೆಂದಿತು,
ಚುಬ್ರಣ್ಣ ಟಾರ್ಚು ಆರಿಸಿದ.
ಇಬ್ಬರೂ ಉಸಿರು ಹಿಡಿದೆವು. ನೆತ್ತಿಯ ಮೇಲೆ
ವ್ಯಾಧನ ಕತ್ತಿಯಲ್ಲಿ ಒಂದಿಷ್ಟು ಮಸುಕು.
ಅಂಚಿನ ಕಣಕ್ಕೂ ನಡುವಿನ ಪಕ್ಕದ ಕಣಕ್ಕೂ
ತಲುಪುವ ಗಳಿಗೆ ಒಂದೇ ಎಂದು
ಪಿಸುಗುಟ್ಟಿದೆ.

"ಅಲ್ಲಿ ಗೋರುವವರು ಯಾರು?"
ಯಾರೂ ಅಲ್ಲ. ಒಂದನ್ನೊಂದು ಎಳೆಯುತ್ತವೆ.
"ನಮ್ಮ ಸೂರ್ಯ ಕುಸಿದರೆ ಎಷ್ಟು ಹೊತ್ತು?"
ಒಳಗಿನ ಕಾವು ತಡೆಯದಿದ್ದರೆ, ಅರ್ಧ ಗಂಟೆ.
ಬಹಳ ಹೊತ್ತು ಏನೂ ಅನ್ನಲಿಲ್ಲ ಅವನು. ಟಾರ್ಪಾಲಿನ ಕೆಳಗೆ ಕೈ ತೂರಿಸಿ
ಒಂದು ಚೆರಿ ಹಿಚುಕಿ ನೋಡಿದ.
"ನಾಳೆಗಂತೂ ತಡೀಲಿ. ಇದಿನ್ನೂ ಹಸಿ."

ಬೆಳಿಗ್ಗೆ ಅಪ್ಪ, ತೋಟದ ರೈಟರ್,
ಪುಸ್ತಕ ಕಂಕುಳಲ್ಲಿಟ್ಟು ಕಣದ ಮೂಲೆಯಲ್ಲಿ ನಿಂತರು:
"ಮೂವತ್ತೆರಡು ಅಂತ ಯಾರು ಬರೆದದ್ದು?
ನನ್ನ ಲೆಕ್ಕಕ್ಕೆ ಬಂದದ್ದು ಮೂವತ್ತೊಂದೇ ಚೀಲ."
ನಾನು ಬಾಯಿ ತೆರೆಯುವ ಮೊದಲೇ
ಗೋದಾಮಿಗೆ ಹೊರಟರು, ಮತ್ತೊಮ್ಮೆ ಎಣಿಸಲು.