ಬೆರಳುಗಳಿಗೆ ಎಷ್ಟು ಬಿಟ್‌ರೇಟ್

ಲಿಂಗರಾಜಪುರ, ಮೊಬೈಲ್ ಅಂಗಡಿಯ ಮೇಲಿನ ಮಹಡಿ,
ನಮ್ಮ ಕಿವುಡರ ಸಂಘದ ಕೋಣೆ.
ಬೀರುವಿನಲ್ಲಿ ಅರವತ್ತಮೂರು ಡಿವಿಡಿ,
ಬೆಳ್ಳಿ ಬೆನ್ನಿಗೆಲ್ಲ ಕಾಫಿ ಬಣ್ಣದ ಮಚ್ಚೆ.
ಕಾರ್ಯದರ್ಶಿ ನೀನು ತಾನೆ, ಎಂದ ಖಜಾಂಚಿ,
ನೀನೇ ಉಳಿಸು.

ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ಡ್ರೈವು ತಂದೆ.
ಅದು ಓದುತ್ತಿದೆಯೋ ಇಲ್ಲವೋ
ಮೇಜಿನ ಮೇಲೆ ಅಂಗೈಯಿಟ್ಟರೆ ತಿಳಿಯುತ್ತದೆ.
ಒಳ್ಳೆಯ ಡಿಸ್ಕು, ಮಲಗಿದ ಬೆಕ್ಕಿನ ಬೆನ್ನು.
ಗೀರಿದ್ದರೆ ಒದೆಯುತ್ತದೆ.
ಇಪ್ಪತ್ತೇಳನೆಯದು ಒದ್ದಿತು.
ಬಟ್ಟೆಯಲ್ಲಿ ಒರೆಸಿದೆ, ನಡುವಿನಿಂದ ಅಂಚಿಗೆ, ನೇರ, ಸುತ್ತು ಹಾಕದೆ.
ಮತ್ತೆ ಒದ್ದಿತು. ಮೂರನೇ ಸಲಕ್ಕೆ ಮಣಿಯಿತು.

ಸುಲಭ ಅಂದಿದ್ದರು: ಹ್ಯಾಂಡ್‌ಬ್ರೇಕ್ ಹಾಕಿಕೋ, ಹಸಿರು ಗುಂಡಿ ಒತ್ತು.
ಒತ್ತಿದೆ. ನಾಲ್ಕು ಜಿಬಿ ಕರಗಿ ನಾಲ್ಕು ನೂರು ಎಂಬಿ.
ಪರದೆಗೆ ಜಸಿಂತಾ ಬಂದಳು, ಹಳದಿ ಸೀರೆ,
ಎರಡು ಸಾವಿರದ ಆರರ ವಾರ್ಷಿಕೋತ್ಸವ,
ಶಿವಾಜಿನಗರದ ಬಸ್ಸಿನಲ್ಲಿ ಕೋಳಿ ತಪ್ಪಿಸಿಕೊಂಡ ಕಥೆ.
ಕೋಳಿ ಹಾರುವ ಕಡೆ ಅವಳ ಹತ್ತೂ ಬೆರಳು
ಕಲಸಿದ ರಾಗಿ ಹಿಟ್ಟು.

ಕೇಳುವವರ ಸಿನಿಮಾದಲ್ಲಿ ಕೈ ಮಸುಕಾದರೆ ನಷ್ಟವೇನು,
ಮಾತು ಬೇರೆ ದಾರಿಯಲ್ಲಿ ಬಂದು ಸೇರುತ್ತದೆ.
ನಮಗೆ ಕಿರುಬೆರಳು ಅಳಿಸಿದರೆ
ವಾಕ್ಯ ಹೋಯಿತು.
ಜಸಿಂತಾ ಹೋಗಿ ಆರು ವರ್ಷ.
ಆ ಕೋಳಿಯನ್ನು ಹಾಗೆ ಹಾರಿಸಲು ಯಾರಿಗೂ ಬರುವುದಿಲ್ಲ.

ಹಳೇ ಕ್ಯಾಮೆರಾ ಒಂದೊಂದು ಚಿತ್ರವನ್ನೂ ಸೀಳಿ ಬರೆದಿದೆ,
ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ;
ಬೇಗ ಆಡಿದ ಕೈಗೆ ಬಾಚಣಿಗೆಯ ಹಲ್ಲು.
ಎರಡನ್ನೂ ಬೆಸೆದು ಸೆಕೆಂಡಿಗೆ ಇಪ್ಪತ್ತೈದು ಮಾಡಬಹುದು,
ಒಂದೊಂದನ್ನೂ ಇಡಿಯಾಗಿ ಬೆಳೆಸಿ ಐವತ್ತು ಮಾಡಬಹುದು.
ಐವತ್ತೇ ಇರಲಿ. ಕೋಳಿಗೆ ರೆಕ್ಕೆ ಬೇಕು.

ಗುಣಮಟ್ಟದ ಅಂಕಿ ತಲೆಕೆಳಗಾದ ಅಂಕಪಟ್ಟಿ,
ಕಡಿಮೆ ಬಂದವನೇ ಜಾಣ.
ಇಪ್ಪತ್ನಾಲ್ಕಕ್ಕೆ ಕೈ, ಇಪ್ಪತ್ತಕ್ಕೆ ಬೆರಳು,
ಹದಿನೆಂಟಕ್ಕೆ ಉಗುರು. ಅಲ್ಲಿಗೆ ನಿಲ್ಲಿಸಿದೆ.
ಎರಡು ನೂರ ಅರವತ್ತೈದು ಹಾಕಿದರೆ ಅರ್ಧ ಜಾಗ ಸಾಕಂತೆ.
ಚಿನ್ನಪ್ಪಣ್ಣನ ಮನೆಯ ಟಿವಿ ಅದನ್ನು ಓದುವುದಿಲ್ಲ.
ಅರವತ್ನಾಲ್ಕೇ ಸರಿ, ನಿಧಾನವಾಗಿ ಬೇಯಲಿ.

ಇನ್ನೊಂದು ಗುಂಡಿಯಿತ್ತು: ನಾಯ್ಸ್ ತೆಗೆಯಬೇಕೆ?
ನನ್ನನ್ನೇ ಕೇಳುತ್ತದೆ ನೋಡಿ! ನಗುತ್ತಾ ಒತ್ತಿದೆ.
ಜಸಿಂತಾಳ ಮುಖ ಹಾಲಿನ ಕೆನೆಯಾಯಿತು,
ಎಡಗಣ್ಣ ಕೆಳಗಿನ ಮಚ್ಚೆ ಮಾಯ.
ಆ ಮಚ್ಚೆಯೇ ನಮ್ಮಲ್ಲಿ ಅವಳ ಹೆಸರು,
ತೋರುಬೆರಳಿಂದ ಅಲ್ಲಿ ಮುಟ್ಟಿದರೆ ಅವಳು.
ಹೆಸರನ್ನೇ ಗದ್ದಲವೆಂದು ಒರೆಸಿತ್ತು ಯಂತ್ರ.
ತೆಗೆದೆ ಆ ಗುಂಡಿ.

ಆಡಿಯೊ? ಬೇಡ, ಆ ಬಿಟ್ಟುಗಳೂ ಬೆರಳಿಗೇ ಹೋಗಲಿ,
ಎನ್ನುವಾಗ ಕೆಳಗಿನ ಅಂಗಡಿಯ ತಸ್ಕೀನ್ ಬಂದಳು.
ನಮ್ಮ ಜೊತೆ ಕುಳಿತು ಕುಳಿತು ಕೈಮಾತು ಕಲಿತವಳು.
ಹೆಡ್‌ಫೋನ್ ಹಾಕಿಕೊಂಡು ನಕ್ಕುಬಿಟ್ಟಳು.
ಏನಿದೆ ಅದರಲ್ಲಿ?
ಬಸ್ಸಿನ ಹಾರನ್ನು, ಕುರ್ಚಿ ಎಳೆಯುವುದು, ಆಮೇಲೆ ನಗು.
ಎಲ್ಲರೂ ನಗುತ್ತಿದ್ದೀರಿ, ಒಂದು ನಗು ಮಾತ್ರ
ಸೈಕಲ್ ಪಂಪು ಹೊಡೆದ ಹಾಗೆ.
ಯಾರದು?
ನನ್ನ ಕಡೆಗೆ ಬೆರಳು ಮಾಡಿದಳು.

ಐವತ್ತೆಂಟು ವರ್ಷ. ಇದನ್ನು ಯಾರೂ ಹೇಳಿರಲಿಲ್ಲ.
ನೂರ ಅರವತ್ತು ಕಿಲೋಬಿಟ್ ಕೊಟ್ಟೆ ಸದ್ದಿಗೆ,
ಕಂಜೂಸುತನ ಬೇಡವೆಂದು.

ತೊಂಬತ್ತೊಂದು ಪರ್ಸೆಂಟಿಗೆ ಕರೆಂಟು ಹೋಯಿತು.
ಕತ್ತಲಲ್ಲಿ ನಾವು ಮೂಗರು.
ತಸ್ಕೀನ್ ಮೊಬೈಲಿನ ಟಾರ್ಚು ಹಚ್ಚಿ
ಮೊದಲು ನನ್ನ ಕೈಗಳ ಮೇಲೆ ಬಿಟ್ಟಳು,
ಆಮೇಲೆ ತನ್ನ ಉಳಿದ ಒಂದು ಕೈ ಮೇಲೆ:
ಮತ್ತೆ ಮೊದಲಿಂದಲಾ?

ಮೊದಲಿಂದ. ಇನ್ನೂ ಮೂವತ್ತಾರು ಬಾಕಿ.