ಎರಡಕ್ಕೊಂದು

ಅಂಗಡಿಯ ಪೆಂಟ್ಟಿ ಎಪಾಕ್ಸಿಯ ದೊಡ್ಡ ಕ್ಯಾನಿನ ಪಕ್ಕ
ಹಾರ್ಡ್ನರಿನ ಎರಡು ಡಬ್ಬಿ ತಂದಿಟ್ಟ.
"ಇದು ಬೇಗ, ಇದು ನಿಧಾನ. ಯಾವುದು ಕೊಡಲಿ?"
ಬೆಲೆ ಒಂದೇ. ಬಣ್ಣವೂ ಒಂದೇ, ಹಳೇ ಜೇನಿನದು.
ನಾನು ಹಲಗೆಯ ಲೆಕ್ಕ ಬರೆದು ತಂದಿದ್ದೆ,
ಗಾಜುಬಟ್ಟೆಯ ಲೆಕ್ಕ, ತಾಮ್ರದ ತಂತಿಯ ಲೆಕ್ಕ.
ನನ್ನ ಕೈ ಎಷ್ಟು ಬೇಗ ಓಡುತ್ತದೆ ಎಂಬುದನ್ನು
ಬರೆದಿರಲಿಲ್ಲ.

ಸೆಪ್ಟೆಂಬರಿನ ಕೊನೆ. ಹೌಕಿವೆಸಿ ಸರೋವರದ ಮೇಲೆ
ಹತ್ತು ಗಂಟೆಯಾದರೂ ಮಂಜು ಏಳುವುದಿಲ್ಲ.
ನಮ್ಮ ಸೌದೆಮನೆಯ ಗೋಡೆಯಲ್ಲಿ ಪಾದರಸ
ಹನ್ನೊಂದಕ್ಕೆ ಬಂದು ಕೂತುಬಿಟ್ಟಿದೆ.
"ಇಂಥ ಚಳಿಗೆ ಬೇಗದ್ದೇ ಸರಿ," ಅಂದ ಪೆಂಟ್ಟಿ.
"ನಿಧಾನದ್ದು ವಾರ ಕಳೆದರೂ ಬೆರಳಿಗೆ ಅಂಟುತ್ತೆ."

ನಿಜವಾದ ಉತ್ತರ ಗೊತ್ತಿದ್ದವನು
ಹೊರಗೆ ಕಾರಿನಲ್ಲಿ ಗಾಜು ಏರಿಸಿಕೊಂಡು ಕೂತಿದ್ದ.

ತೈಸ್ತೊ, ನನ್ನ ಗಂಡ. ಮೂವತ್ತೊಂದು ವರ್ಷ
ಪರರ ದೋಣಿ ಕಟ್ಟಿದವನು. ಕೈಗವಸು ಕಂಡರೆ ನಗುತ್ತಿದ್ದವನು.
ಒಂದು ವಸಂತ ಮಣಿಕಟ್ಟಿನಲ್ಲಿ ಸಣ್ಣ ತುರಿಕೆ,
ಮರುವಾರ ಮೊಣಕೈ, ಆಮೇಲೆ ಕಣ್ಣಿನ ರೆಪ್ಪೆ
ಹುದುಗಿದ ಹಿಟ್ಟಿನಂತೆ ಉಬ್ಬಿ ಮುಚ್ಚಿಕೊಂಡವು.
ಮೈ ಒಮ್ಮೆ ಮುನಿದರೆ ಮುನಿದಂತೆಯೇ, ಅಂದರು ಡಾಕ್ಟರು.
ಈಗ ಮುಚ್ಚಳ ತೆಗೆದ ಡಬ್ಬಿಯ ಗಾಳಿಯೇ ಸಾಕು.

ಹಾಗಾಗಿ ದೋಣಿ ನನ್ನ ಪಾಲಿಗೆ ಬಂತು.
ಅವನ ಪಾಲಿಗೆ ಕಿಟಕಿ.

ಮನೆಯಲ್ಲಿ ವೀಲಿ ಮೊಸರಿಗೆ ಹೆಪ್ಪು ಹಾಕುವವಳು ನಾನು:
ಒಂದು ಚಮಚ, ಮನಸ್ಸಾದರೆ ಒಂದೂವರೆ.
ಆ ಧೈರ್ಯದಲ್ಲೇ ಮೊದಲ ಬಟ್ಟಲಿಗೆ
ಚಳಿಯಲ್ಲವೇ ಎಂದು ತುಸು ಜಾಸ್ತಿ ಸುರಿದೆ.
ಕಿಟಕಿ ದಡದಡ ಬಡಿಯಿತು. ಗಾಜಿನಾಚೆ ಅವನ ಬಾಯಿ
ಅಗಲವಾಗಿ ತೆರೆದು ಮುಚ್ಚುತ್ತಿತ್ತು: ಎರಡಕ್ಕೊಂದು.
ಮತ್ತೆ ಬೆರಳಲ್ಲಿ. ಎರಡು. ಒಂದು.

ರಾತ್ರಿ ಸೂಪಿನ ಮುಂದೆ ಬಿಡಿಸಿ ಹೇಳಿದ:
ಇದು ಮೊಸರಲ್ಲ ಮಾರಾಯ್ತಿ, ಇಲ್ಲಿ ಅಂದಾಜು ನಡೆಯೋದಿಲ್ಲ.
ಒಂದೊಂದು ಕಣಕ್ಕೂ ಜೊತೆಯಿದೆ; ಜೊತೆ ಸಿಗದೆ ಉಳಿದದ್ದು
ಗಟ್ಟಿಯಾಗದೆ ಹಾಗೇ ಮರದೊಳಗೆ ಇರುತ್ತೆ.
ಪೂರ್ತಿ ಬಲಿತರೆ ನನಗೇನೂ ಮಾಡದು. ಉಳಿದದ್ದಿದೆಯಲ್ಲ,
ಅದು ನನ್ನನ್ನೇ ಹುಡುಕಿಕೊಂಡು ಬರುತ್ತೆ.

ಆಗ ಗೊತ್ತಾಯಿತು,
ದೋಣಿಯಲ್ಲಿ ಕೂರುವ ಆಸೆ ಅವನಿಗೆ ಇನ್ನೂ ಇದೆ.

ಎರಡನೆಯ ಬಟ್ಟಲಿನ ತೂಕ ಸರಿಯಿತ್ತು.
ಆದರೆ ಅಕ್ಕ ಐಲಿಯ ಫೋನು ಬಂತು; ಕಾಡಿನ ಹಣ್ಣು,
ಯಾರದೋ ಮೊಣಕಾಲಿನ ಆಪರೇಷನ್ನು.
ಮರಳಿದಾಗ ಬಟ್ಟಲು ಹೊಗೆಯಾಡುತ್ತಿತ್ತು,
ತಳ ಕರಗಿ ಬೆಂಚನ್ನು ಕಚ್ಚಿಕೊಂಡಿತ್ತು,
ಕಲಕುವ ಕಡ್ಡಿ ನಡುವೆ ನೆಟ್ಟಗೆ, ಗಡಿಕಲ್ಲಿನ ಹಾಗೆ.
ಕಿಟಕಿಯಲ್ಲಿ ತೈಸ್ತೊ ನಗುತ್ತಿರಲಿಲ್ಲ ಎಂದು ಹೇಳಲಾರೆ.

ಮರುದಿನ ಬೇಗದ ಡಬ್ಬಿ ಪೆಂಟ್ಟಿಯ ಮುಂದಿಟ್ಟೆ.
"ನಿಧಾನದ್ದು ಕೊಡು. ಚಳಿಯ ಚಿಂತೆ ನನಗಿರಲಿ."
"ನಿನ್ನ ಸೌದೆ, ನಿನ್ನ ಖರ್ಚು," ಅಂದ.

ಸೌದೆ ತೈಸ್ತೊನದು. ಬರ್ಚ್ ಸೀಳಿ ಬಾಗಿಲ ಬಳಿ ಪೇರಿಸಿ
ನಾನು ಬಾಗಿಲು ತೆಗೆಯುವ ಮೊದಲೇ ಹಿಂದೆ ಸರಿಯುತ್ತಾನೆ.
ಹಗಲೆಲ್ಲ ಒಲೆ ಉರಿಸಿ ಮರವನ್ನು ಬೆಚ್ಚಗಿಟ್ಟು
ಸಂಜೆ ಬೆಂಕಿ ಇಳಿಯುವಾಗ ಬಳಿಯಬೇಕು, ಇದೂ ಅವನದೇ ಪಾಠ.
ಬಿಸಿಯೇರುವ ಮರ ಉಸಿರು ಬಿಡುತ್ತದೆ, ಗುಳ್ಳೆ ಏಳುತ್ತವೆ.
ತಣಿಯುವ ಮರ ಒಳಗೆ ಎಳೆದುಕೊಳ್ಳುತ್ತದೆ.

ಆರು ಗಂಟೆ. ಒಲೆಯಲ್ಲಿ ಕೆಂಡ ಮಾತ್ರ.
ಅಗಲ ತಟ್ಟೆಯಲ್ಲಿ ಹರಡಿದೆ, ಎರಡಕ್ಕೊಂದು,
ಕುಂಚ ಅದ್ದಿದೆ. ಒಣಹಲಗೆ ಕಪ್ಪಾಗುತ್ತಾ ಕುಡಿಯಿತು,
ನಾನು ಮುಂದೆ ಮುಂದೆ ಸರಿದೆ, ಹೊತ್ತು ಬೇಕಾದಷ್ಟಿತ್ತು.

ಐದನೆಯ ಬೆಳಿಗ್ಗೆ ಕಿಟಕಿಯಲ್ಲಿ ಅವನು
ಹೆಬ್ಬೆರಳು ಮಡಿಸಿ ತೋರಿಸಿದ: ಉಗುರು ಒತ್ತಿ ನೋಡು.
ಒತ್ತಿದೆ. ಗುರುತು ಬಿತ್ತು, ಕೂದಲೆಳೆಯಷ್ಟು.
ತಲೆಯಾಡಿಸಿದೆ.
ಅವನು ಕೊಡಲಿ ಎತ್ತಿಕೊಂಡು ಹೋದ.